ಎರಡು ಸಾವಿರ ವರ್ಷ ಹಳೇ ರೋಮನ್ ನಾಣ್ಯ ಸಿಕ್ಕಿದ್ರೆ ಅಷ್ಟೊಂದು ಖುಷಿ ಯಾಕೆ?

ನಮ್ಮನೇಲೂ ಇದೇ ಪ್ರಶ್ನೆ, "ಈ ಸವೆದ ಬಿಲ್ಲೆಗೆ ಇಷ್ಟು ದುಡ್ಡಾ" ಅಂತ. ನಾನಿರೋದು ಲಂಡನ್ನಲ್ಲಿ, ಆರು ವರ್ಷ ಹುಡುಕಿದ್ದು ರೋಮನ್ ಚಕ್ರವರ್ತಿ ಟಿಬೇರಿಯಸ್‌ನ (ಆಳಿದ್ದು ಕ್ರಿ.ಶ. 14-37) ಡಿನಾರಿಯಸ್ ಅನ್ನೋ ಬೆಳ್ಳಿ ನಾಣ್ಯ. ಬೈಬಲ್ಲಲ್ಲಿ ತೆರಿಗೆ ನಾಣ್ಯ ನೋಡಿ ಯೇಸು "ಕೈಸರನದನ್ನು (ಅಂದ್ರೆ ಚಕ್ರವರ್ತಿಯದನ್ನು) ಕೈಸರನಿಗೆ ಕೊಡಿರಿ" ಅಂತಾನಲ್ಲ, ಆಗ ಅವನಿಗೆ ತೋರಿಸಿದ್ದು ಇದೇ ಥರದ್ದು ಅಂತ ಸಂಗ್ರಹ ಮಾಡೋರ ನಂಬಿಕೆ, ಅದಕ್ಕೇ ರೇಟೂ ಜಾಸ್ತಿ.

ನಿಜ ಹೇಳ್ಬೇಕಂದ್ರೆ ಅಪರೂಪದ ನಾಣ್ಯ ಏನಲ್ಲ. ಆದ್ರೆ ಆಗ ಅಚ್ಚು ಇಟ್ಟು ಸುತ್ತಿಗೇಲಿ ಹೊಡೀತಿದ್ರು, ಹಾಗಾಗಿ ಒಂದರಲ್ಲಿ ಚಕ್ರವರ್ತಿ ಮೂಗು ಸರಿಯಾಗಿ ಮೂಡಿರಲ್ಲ, ಇನ್ನೊಂದರಲ್ಲಿ ಮುಖ ಚೆನ್ನಾಗಿದ್ರೆ ಅಕ್ಷರ ಅಂಚಿನಾಚೆ ಹೋಗಿರುತ್ತೆ, ಎರಡೂ ಸರಿಯಿದ್ರೆ ಹರಾಜಲ್ಲಿ ನನ್ನ ಕೈ ಮೀರಿ ಹೋಗುತ್ತೆ, ಜೊತೆಗೆ ಎರಕ ಹೊಯ್ದ ನಕಲಿಗಳ ಕಾಟ ಬೇರೆ, ಅಂಚಲ್ಲಿ ಬೆಸುಗೆ ಥರ ಗೆರೆ, ಮೈಮೇಲೆ ಸಣ್ಣ ಗುಳ್ಳೆ ಕಂಡ್ರೆ ಬಿಟ್ಬಿಡಿ.

ಕೊನೆಗೆ ಹೋದ ತಿಂಗಳು ಸಿಕ್ತು. ಸುಮಾರು 3.7 ಗ್ರಾಂ, ಅಷ್ಟೇ. ನಾಣ್ಯದ ಹಿಂಬದಿಲಿ ಕೂತಿರೋ ಹೆಂಗಸು ಟಿಬೇರಿಯಸ್‌ನ ತಾಯಿ ಲಿವಿಯಾ ಅಂತಾರೆ. ಬೆರಳಿಗೆ ತಾಗಿದಾಗ ನೆನಪಾಗಿದ್ದು ಚಿತ್ರದುರ್ಗದ ಚಂದ್ರವಳ್ಳಿ, ಅಲ್ಲೂ ಟಿಬೇರಿಯಸ್ ಡಿನಾರಿಯಸ್ ಸಿಕ್ಕಿವೆ. ಮೆಣಸು, ಮುತ್ತು ಕೊಳ್ಳೋಕೆ ರೋಮಿನ ಬೆಳ್ಳಿ ನಮ್ಮ ಕಡೆ ಹರಿದು ಬರ್ತಿದ್ದ ಕಾಲ ಅದು. ನನ್ನ ನಾಣ್ಯದಲ್ಲಿ ಯಾರು ಏನು ಕೊಂಡ್ರೋ, ಬ್ರೆಡ್ಡೋ ವೈನೋ! ರಾತ್ರಿ ಎರಡು ಸಲ ಎದ್ದು ಲೈಟ್ ಹಾಕಿ ನೋಡಿದೀನಿ, ಹೆಂಡ್ತಿ ಬೈದಳು.