ಹಾರ್ಡ್‌ವೇರ್ ಸರ್ಟಿಫಿಕೇಟ್: ಹಣ ಕಟ್ಟುವ ಮುನ್ನ ಕೇಳಬೇಕಾದ್ದು

ಪ್ರಶ್ನೆ: ಐಟಿಐನಲ್ಲಿ ಕೋಪಾ (ಕಂಪ್ಯೂಟರ್ ಆಪರೇಟರ್ ಟ್ರೇಡ್) ಮುಗಿಸಿ, ಎಂಟು ತಿಂಗಳಿಂದ ಗಂಗಾವತಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ವಿಂಡೋಸ್ ಹಾಕುವುದು, ರ‍್ಯಾಮ್ ಬದಲಿಸುವುದು, ಪ್ರಿಂಟರ್ ಜೋಡಿಸುವುದು ಬರುತ್ತದೆ. ತರಬೇತಿ ಕೇಂದ್ರವೊಂದರವರು ‘ಎ ಪ್ಲಸ್ ಕೋರ್ಸ್ ಮಾಡಿದರೆ ಬೆಂಗಳೂರಲ್ಲಿ ಕೆಲಸ ಗ್ಯಾರಂಟಿ’ ಎಂದು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಅಪ್ಪ ಸಾಲ ಮಾಡಿ ಕೊಡುತ್ತೇನೆ ಅನ್ನುತ್ತಾರೆ. ಸೇರಲೇ?
— ಗಂಗಾವತಿಯ ಓದುಗ

ಉತ್ತರ: ಸಾಲದ ಮಾತು ಸದ್ಯಕ್ಕೆ ಬೇಡ. ಮೊದಲು ಆ ಕೇಂದ್ರಕ್ಕೆ ಹೋಗಿ ಒಂದು ಮಾತು ಕೇಳಿ: ‘ನಿಮ್ಮ ಶುಲ್ಕದಲ್ಲಿ ಎರಡು ಪರೀಕ್ಷೆಗಳ ವೋಚರ್, ಅಂದರೆ ಪರೀಕ್ಷೆಯ ಹಣ ಕಟ್ಟಿದ್ದಕ್ಕೆ ಸಿಗುವ ಕೋಡ್, ಸೇರಿದೆಯೇ? ಸೇರಿದ್ದರೆ ರಸೀದಿಯಲ್ಲಿ ಬರೆದುಕೊಡುತ್ತೀರಾ?’ ಉತ್ತರ ತಡವರಿಸಿದರೆ ಅಲ್ಲಿಂದಲೇ ಎದ್ದು ಬನ್ನಿ.

ಹೀಗೆ ಹೇಳಲು ಕಾರಣವಿದೆ. ಕಾಂಪ್‌ಟಿಯಾ ಎಂಬ ಅಮೆರಿಕದ ಸಂಸ್ಥೆ 1993ರಿಂದ ನಡೆಸುತ್ತಿರುವ ಪರೀಕ್ಷೆಯ ಹೆಸರು ಎ ಪ್ಲಸ್. ಈಗಿನ ಆವೃತ್ತಿ ಬಂದದ್ದು 2025ರ ಮಾರ್ಚ್‌ನಲ್ಲಿ. ಅದರಲ್ಲಿ ಕೋರ್ 1 (220-1201) ಮತ್ತು ಕೋರ್ 2 (220-1202) ಎಂಬ ಎರಡು ಪರೀಕ್ಷೆಗಳಿವೆ. ಪ್ರತಿಯೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. 900ರ ಅಳತೆಯಲ್ಲಿ ಕೋರ್ 1ಕ್ಕೆ 675, ಕೋರ್ 2ಕ್ಕೆ 700 ಬರಬೇಕು. ಎರಡರಲ್ಲೂ ಪಾಸಾದರಷ್ಟೇ ಸರ್ಟಿಫಿಕೇಟ್, ಅದೂ ಮೂರು ವರ್ಷಕ್ಕೆ. ಪರೀಕ್ಷೆ ನಡೆಯುವುದು ಪಿಯರ್ಸನ್ ವ್ಯೂ ಕೇಂದ್ರದಲ್ಲಿ ಅಥವಾ ಮನೆಯಲ್ಲೇ ಕ್ಯಾಮೆರಾದ ಮುಂದೆ. ತರಬೇತಿ ಕೇಂದ್ರವು ತನ್ನ ಮೊಹರು ಹಾಕಿ ಕೊಡುವ ‘ಎ ಪ್ಲಸ್ ಕೋರ್ಸ್ ಪೂರೈಸಿದ್ದಾರೆ’ ಎಂಬ ಹಾಳೆ ಈ ಸರ್ಟಿಫಿಕೇಟ್ ಆಗುವುದಿಲ್ಲ. ನಿಜವಾದದ್ದಕ್ಕೆ ಪರಿಶೀಲನೆಯ ಕೋಡ್ ಇರುತ್ತದೆ, ಕಂಪನಿಯವರು ಅದನ್ನು ಆನ್‌ಲೈನ್‌ನಲ್ಲಿ ನೋಡಿಕೊಳ್ಳುತ್ತಾರೆ. ಅವರು ಕೊಡುವ ಪುಸ್ತಕದ ಮೇಲೆ 1101, 1102 ಎಂದಿದ್ದರೂ ಎಚ್ಚರ. ಆ ಪರೀಕ್ಷೆಗಳು 2025ರ ಸೆಪ್ಟೆಂಬರ್‌ನಲ್ಲೇ ಮುಗಿದುಹೋದವು.

ಇನ್ನು ‘ಕೆಲಸ ಗ್ಯಾರಂಟಿ’. ಅದನ್ನು ಯಾರೂ ಕೊಡಲಾರರು. ನಿಮಗೆ ಯಾವ ಕೆಲಸ ಬೇಕು ಎಂಬುದರ ಮೇಲೆ ಸರ್ಟಿಫಿಕೇಟ್ ಆರಿಸಿಕೊಳ್ಳಿ. ಬೆಂಗಳೂರಿನ ಕಂಪನಿಗಳ ಹೆಲ್ಪ್‌ಡೆಸ್ಕ್‌ಗೆ ಎ ಪ್ಲಸ್ ಉಪಯೋಗಕ್ಕೆ ಬರುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರದಂಥ ಕಡೆ ಹೋಗುವ ಆಸೆಯಿದ್ದರೆ ಐಟಿಐ, ಡಿಪ್ಲೊಮಾ, ಅಪ್ರೆಂಟಿಸ್ ಅನುಭವಕ್ಕೇ ತೂಕ ಹೆಚ್ಚು. ಕೋಪಾದಲ್ಲಿ ಹಾರ್ಡ್‌ವೇರ್ ಪಾಠ ಕಡಿಮೆ. ಅದಕ್ಕೆಂದೇ ಐಟಿಐನಲ್ಲಿ ಒಂದು ವರ್ಷದ ‘ಕಂಪ್ಯೂಟರ್ ಹಾರ್ಡ್‌ವೇರ್ ಅಂಡ್ ನೆಟ್‌ವರ್ಕ್ ಮೆಂಟೆನೆನ್ಸ್’ ಎಂಬ ಬೇರೆ ಟ್ರೇಡ್ ಇದೆ. ‘ಫೀಲ್ಡ್ ಟೆಕ್ನಿಷಿಯನ್ – ಕಂಪ್ಯೂಟಿಂಗ್ ಅಂಡ್ ಪೆರಿಫೆರಲ್ಸ್’ ಎಂಬ ಕೌಶಲ ತರಬೇತಿಯನ್ನೂ ವಿಚಾರಿಸಿ. ಸರ್ಕಾರಿ ಹುದ್ದೆಯ ಆಲೋಚನೆ ಇದ್ದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ.

ನನ್ನ ಸಲಹೆ ಕೇಳಿದರೆ, ಅಂಗಡಿ ಬಿಡಬೇಡಿ. ಆರು ತಿಂಗಳು ಕೋರ್ 1ಕ್ಕೆ ಮನೆಯಲ್ಲೇ ಓದಿ. ಯಾವ ವಿಷಯಕ್ಕೆ ಎಷ್ಟು ಭಾಗ ಎಂಬ ಪಠ್ಯಸೂಚಿ ಕಾಂಪ್‌ಟಿಯಾದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಕೋರ್ 1ರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ದೋಷ ಪತ್ತೆಯದು, ಶೇ 28. ನೀವು ದಿನಾ ಮಾಡುತ್ತಿರುವ ಕೆಲಸವೇ ಅದು. ಆದರೆ ಕ್ರಮ ಕಲಿಯಬೇಕು.

ಗಿರಾಕಿ ಬಂದು ‘ಸಿಪಿಯು ಆನ್ ಆಗವಲ್ದ್ರಿ’ ಅನ್ನುತ್ತಾರೆ. ನಮ್ಮ ಕಡೆ ಸಿಪಿಯು ಅಂದರೆ ಇಡೀ ಡಬ್ಬ, ಪರೀಕ್ಷೆಯಲ್ಲಿ ಪ್ರೊಸೆಸರ್ ಮಾತ್ರ. ‘ಆನ್ ಆಗವಲ್ದು’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ದೋಷ ಅಡಗಿರಬಹುದು. ಫ್ಯಾನೇ ತಿರುಗುತ್ತಿಲ್ಲವೆಂದರೆ ಗೋಡೆಯ ಸಾಕೆಟ್‌ನಿಂದ ಶುರು ಮಾಡಿ, ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬವಾದ ಎಸ್‌ಎಂಪಿಎಸ್‌ವರೆಗೆ ಬನ್ನಿ. 12 ವೋಲ್ಟ್ ಇರಬೇಕಾದಲ್ಲಿ 11.4ರಿಂದ 12.6ರ ಒಳಗೆ ತೋರಿಸಬೇಕು. ಫ್ಯಾನ್ ತಿರುಗಿ ಡಿಸ್‌ಪ್ಲೇ ಇಲ್ಲವೆಂದರೆ ರ‍್ಯಾಮ್ ತೆಗೆದು, ಕಾಲುಗಳನ್ನು ಒರೆಸಿ, ಒಂದೊಂದೇ ಹಾಕಿ ನೋಡಿ. ಡಿಸ್‌ಪ್ಲೇ ಬಂದು ವಿಂಡೋಸ್ ಏಳದಿದ್ದರೆ ಡಿಸ್ಕ್ ಕಡೆ ಹೋಗಿ. ದಿನಾಂಕ ಹಳೆಯದಕ್ಕೆ ಹೋಗಿ, ಬ್ಯಾಂಕಿನ ವೆಬ್‌ಸೈಟ್ ತೆರೆಯುತ್ತಿಲ್ಲ ಎಂಬ ದೂರು ಬಂದರೆ ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಆರ್ 2032 ಸೆಲ್ ನೋಡಿ. ಇಂಟರ್ನೆಟ್‌ನವರನ್ನು ಬೈದು ಪ್ರಯೋಜನವಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ರ‍್ಯಾಮ್, ಎಸ್‌ಎಂಪಿಎಸ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಂಪ್ಯೂಟರ್ ಓಡಬಹುದು, ಕೆಟ್ಟದ್ದು ಯಾವುದು ಎಂಬುದು ನಿಮಗೆ ತಿಳಿಯುವುದಿಲ್ಲ, ಗಿರಾಕಿಗೂ ದುಬಾರಿ.

ಪರೀಕ್ಷೆ ಕೇಳುವ ಕ್ರಮವೂ ಇದೇ: ಸಮಸ್ಯೆ ಗುರುತಿಸು, ಕಾರಣ ಊಹಿಸು, ಊಹೆ ಪರೀಕ್ಷಿಸು, ಯೋಜಿಸಿ ಸರಿಮಾಡು, ಪೂರ್ತಿ ಕೆಲಸ ಮಾಡುತ್ತಿದೆಯೇ ನೋಡು, ಬರೆದಿಡು. ಕೊನೆಯದನ್ನು ನಮ್ಮ ಅಂಗಡಿಗಳಲ್ಲಿ ಯಾರೂ ಮಾಡುವುದಿಲ್ಲ. ನೀವು ಮಾಡಿ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು.

ಮೊದಲ ಹೆಜ್ಜೆಯಲ್ಲೇ ಡೇಟಾ ಬಗ್ಗೆ ಕೇಳುವುದೂ ಸೇರುತ್ತದೆ. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರ ಕಂಪ್ಯೂಟರ್ ‘ಸ್ಲೋ’ ಎಂದು ಬಂತು. ಕೇಳದೆ ಫಾರ್ಮ್ಯಾಟ್ ಹೊಡೆದೆ. ಡಿ ಡ್ರೈವ್ ಉಳಿಸಿದ್ದೆನಲ್ಲ ಎಂಬ ಧೈರ್ಯ. ಅವರ ಆರ್ಡರ್ ಲೆಕ್ಕವೆಲ್ಲ ಡೆಸ್ಕ್‌ಟಾಪ್ ಮೇಲೆ, ಅಂದರೆ ಸಿ ಡ್ರೈವ್‌ನಲ್ಲಿತ್ತು. ಎರಡು ವರ್ಷದ ಲೆಕ್ಕ ಹೋಯಿತು. ಆ ಮಾಲೀಕರು ಬೈಯಲಿಲ್ಲ, ಕುರ್ಚಿಯಲ್ಲಿ ಸುಮ್ಮನೆ ಕುಳಿತುಬಿಟ್ಟರು. ಅಂದಿನಿಂದ ಬ್ಯಾಕಪ್ ವಿಷಯ ಮಾತಾಡದೆ ಸ್ಕ್ರೂಡ್ರೈವರ್ ಮುಟ್ಟಿಲ್ಲ.

ಪ್ರಶ್ನೆ: ನಾನು ಕಲಿಯುತ್ತಿರುವ ಅಂಗಡಿಗೆ ರೈಸ್ ಮಿಲ್ ಒಂದರ ಆಫೀಸ್ ಕಂಪ್ಯೂಟರ್ ಪದೇ ಪದೇ ಬರುತ್ತದೆ. ಎಸ್‌ಎಂಪಿಎಸ್ ಎರಡು ಸಲ ಬದಲಿಸಿದೆವು. ‘ಮುಟ್ಟಿದ್ರ ಜುಮ್ ಅಂತೈತಿ’ ಎಂದು ಗುಮಾಸ್ತರು ಹೇಳುತ್ತಾರೆ. ನಮ್ಮ ಅಂಗಡಿಯಲ್ಲಿ ಹಚ್ಚಿದರೆ ಏನೂ ಆಗುವುದಿಲ್ಲ.
— ಸಿಂಧನೂರಿನ ಓದುಗ

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ದೋಷ ಕಂಪ್ಯೂಟರಿನದಲ್ಲ, ಮಿಲ್ಲಿನ ಅರ್ಥಿಂಗ್‌ನದು. ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಕ್ಯಾಬಿನೆಟ್‌ನ ಮೈಗೆ ಸೇರಿರುತ್ತವೆ. ಅರ್ಥ್ ಸರಿಯಿದ್ದರೆ ಅವುಗಳಿಂದ ಸೋರುವ ಕರೆಂಟ್ ನೆಲಕ್ಕೆ ಇಳಿಯುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಸುಮಾರು 110 ವೋಲ್ಟ್ ನಿಂತುಬಿಡುತ್ತದೆ. ಕರೆಂಟ್ ಬಹಳ ಸಣ್ಣದು, ಜುಮ್ ಅನ್ನಿಸುತ್ತದೆ ಅಷ್ಟೆ. ಆದರೆ ಪ್ರಿಂಟರ್, ಮಾನಿಟರ್ ಕೇಬಲ್ ಹಚ್ಚುವಾಗ ಪೋರ್ಟ್ ಸುಡಬಹುದು.

ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ನಿಮ್ಮ ಗುರುಗಳ ಎದುರಲ್ಲಿ ಮಿಲ್ಲಿನ ಸಾಕೆಟ್ ಅಳೆಯಿರಿ. ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು, ನ್ಯೂಟ್ರಲ್-ಅರ್ಥ್ ನಡುವೆ ಎರಡು-ಮೂರು ವೋಲ್ಟ್ ಬಂದರೆ ಸರಿ. ಎರಡನೆಯದು ಹತ್ತಾರು ವೋಲ್ಟ್ ತೋರಿಸಿದರೆ, ಕುಣಿದಾಡಿದರೆ ಅರ್ಥ್ ಹೋಗಿದೆ. ಬೇಸಿಗೆಯಲ್ಲಿ ಎರಿ ಮಣ್ಣು ಬಿರಿದು ಒಣಗಿದಾಗ ಅರ್ಥಿಂಗ್ ಗುಂಡಿಗೆ ನೀರು ಹಾಕುವವರಿಲ್ಲದೆ ಹೀಗಾಗುವುದು ನಮ್ಮಲ್ಲಿ ಸಾಮಾನ್ಯ. ಸರಿಪಡಿಸುವುದು ಎಲೆಕ್ಟ್ರಿಷಿಯನ್ ಕೆಲಸ, ನಿಮ್ಮದಲ್ಲ. ದೊಡ್ಡ ಮೋಟರ್ ಶುರುವಾಗುವ ಹೊತ್ತಿಗೆ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂದೂ ಅಳೆದು ಬರೆದುಕೊಳ್ಳಿ, ಯುಪಿಎಸ್ ಬೇಕೆಂದು ಹೇಳಲು ಆಧಾರವಾಗುತ್ತದೆ. ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಪ್ರಶ್ನೆ: ಪಿಯುಸಿ ಮುಗಿಸಿದ್ದೇನೆ. ಹಾರ್ಡ್‌ವೇರ್ ಕಲಿಯುವ ಆಸೆ. ಇಂಗ್ಲಿಷ್ ಕಷ್ಟ. ‘ಹುಡುಗಿಯರಿಗೆ ಯಾಕೆ ಈ ಕೆಲಸ’ ಅನ್ನುತ್ತಾರೆ ಮನೆಯಲ್ಲಿ.
— ಬಳ್ಳಾರಿಯ ಓದುಗಿ

ಉತ್ತರ: ರ‍್ಯಾಮ್ ಹಾಕಲು ತೋಳಬಲ ಬೇಡ ತಂಗಿ, ತಾಳ್ಮೆ ಬೇಕು. ಎ ಪ್ಲಸ್ ಪರೀಕ್ಷೆ ಕನ್ನಡದಲ್ಲಿ ಇಲ್ಲ ಎಂಬುದು ನಿಜ. ಆದರೆ ಅಲ್ಲಿ ಬರುವ ಇಂಗ್ಲಿಷ್ ಕಥೆ-ಕಾದಂಬರಿಯದಲ್ಲ, ಕೆಲವು ನೂರು ಪದ ತಿರುಗಿ ತಿರುಗಿ ಬರುತ್ತವೆ. ದಿನಕ್ಕೆ ಐದು ಪದ ಬರೆದು, ಪಕ್ಕದಲ್ಲಿ ಅದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಬರೆಯಿರಿ. ಉತ್ತರ ಸಮೇತ ಮಾರುವ ‘ಡಂಪ್’ ಪ್ರಶ್ನೆಪತ್ರಿಕೆಗಳ ಕಡೆ ಹೋಗಬೇಡಿ, ಸಿಕ್ಕಿಬಿದ್ದರೆ ಸರ್ಟಿಫಿಕೇಟನ್ನೇ ರದ್ದು ಮಾಡುತ್ತಾರೆ.

ಮೊದಲ ಪಾಠಕ್ಕೆ ಯಾವುದಾದರೂ ಅಂಗಡಿಯಲ್ಲಿ ಗುಜರಿಗೆ ಹಾಕುವ ಹಳೇ ಕಂಪ್ಯೂಟರ್ ಕೇಳಿ ತನ್ನಿ. ನಮ್ಮೂರ ಕೆಂಪು ಧೂಳು ಅದರೊಳಗೆ ತುಂಬಿರುತ್ತದೆ. ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದು ಬ್ಲೋವರ್ ಹೊಡೆಯಿರಿ. ಎಸ್‌ಎಂಪಿಎಸ್ ಡಬ್ಬವೊಂದನ್ನು ಬಿಟ್ಟು ಉಳಿದದ್ದೆಲ್ಲ ಬಿಚ್ಚಿ. ಬಿಚ್ಚುವ ಮುನ್ನ ಪ್ರತಿ ಕೇಬಲ್‌ನ ಫೋಟೊ ತೆಗೆಯಿರಿ. ಮತ್ತೆ ಜೋಡಿಸಿ ಡಿಸ್‌ಪ್ಲೇ ಬಂದ ದಿನ ಮನೆಯವರನ್ನು ಕರೆದು ತೋರಿಸಿ.