ನಾಲ್ಕೂವರೆಯ ಗುಳಿಗೆ

ಮೊದಲೇ ಹೇಳಿಬಿಡುತ್ತೇನೆ. ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಈ ಕಥೆಯ ಹೆಣ್ಣುಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಚಿಕ್ಕಮಗಳೂರಿನ ನನ್ನ ಆಪ್ತಸಲಹೆ ಕೋಣೆಗೆ ಅವರನ್ನು ಕರೆದುಕೊಂಡು ಬಂದಿದ್ದು ಗಂಡ. ಆಲ್ದೂರು ಕಡೆಯವರು ಅಂದುಕೊಳ್ಳಿ. ಹೆಂಡತಿಗೆ 38 ವಯಸ್ಸು. ಎರಡು ಎಕರೆ ಕಾಫಿ, ಸ್ವಲ್ಪ ಮೆಣಸು, ಎರಡು ದನ, ಓದುವ ಇಬ್ಬರು ಮಕ್ಕಳು, ಅತ್ತೆ. ಗಂಡನ ದೂರು ಚಿಕ್ಕದು: "ಯಾವಾಗ್ಲೂ ಮಂಕಾಗಿ ಕೂತಿರ್ತಾಳೆ ಮೇಡಂ. ಡಿಪ್ರೆಶನ್ ಇರಬೇಕು." ಅವರು ಹೊರಗೆ ಹೋದ ಮೇಲೆ ಹೆಂಡತಿ ಮಾತಾಡಿದರು. "ಸುಸ್ತು ಮೇಡಂ. ರೊಟ್ಟಿ ತಟ್ತಾ ತಟ್ತಾ ಕೈ ನಿಂತೇ ಹೋಗುತ್ತೆ. ಅತ್ತೆ ನೋಡಿದ್ರೆ, ಎಂಥ ನಿದ್ದೆ ಮಾರಾಯ್ತಿ ನಿಂದು, ಅಂತಾರೆ."

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲ ಎರಡು ಭೇಟಿಯನ್ನು ನಾನು ಅತ್ತೆ ಸೊಸೆ ವಿಷಯದಲ್ಲೇ ಕಳೆದೆ. ಥೈರಾಯ್ಡ್ ಇದೆ, ಗುಳಿಗೆ ತಗೋತಿದ್ದೀನಿ ಅಂತ ಅವರು ಮೊದಲ ದಿನವೇ ಹೇಳಿದ್ದರು. ಬರೆದುಕೊಂಡು ಮುಂದೆ ಹೋಗಿದ್ದೆ. ಗುಳಿಗೆ ತಗೋತಿದ್ದಾರಲ್ಲ, ಇನ್ನುಳಿದಿದ್ದು ಡಾಕ್ಟರ ಕೆಲಸ ಅಂತ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿದ್ದೆ, ಇಲ್ಲ ಅಂದಿದ್ದರು. ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡಿದ್ದೆ.

ಮೂರನೇ ಸಲ ಬಂದಾಗ ಏಪ್ರಿಲ್ ಮಧ್ಯಾಹ್ನ. ನಾನು ಬೆವರುತ್ತಿದ್ದೇನೆ, ಅವರು ಸ್ವೆಟರ್ ಹಾಕಿಕೊಂಡು "ಫ್ಯಾನ್ ಆರಿಸಬಹುದಾ ಮೇಡಂ" ಅಂತ ಕೇಳಿದರು. ದನಿ ಬೇರೆ ಗೊಗ್ಗರು. ಆಗ ಕೇಳಿದೆ. ಮಲಬದ್ಧತೆ ಇತ್ತು. ಕೂದಲು ಉದುರುತ್ತಿತ್ತು. ಮುಟ್ಟು ಏಳೆಂಟು ದಿನ, ಅದೂ ಜಾಸ್ತಿ. ಪಾದ ಜುಮ್ಮೆನ್ನುತ್ತಿತ್ತು. ಗುಳಿಗೆ ನುಂಗುತ್ತಿದ್ದರೂ ಥೈರಾಯ್ಡ್ ಹಿಡಿತಕ್ಕೆ ಬಂದ ಹಾಗೆ ಕಾಣಲಿಲ್ಲ. "ಮುಂದಿನ ಸಲ ಮನೆಯಲ್ಲಿರೋ ಗುಳಿಗೆ, ಪುಡಿ, ಟಾನಿಕ್, ರಿಪೋರ್ಟು ಎಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ" ಅಂದೆ.

ಬಟ್ಟೆ ಅಂಗಡಿಯ ಚೀಲ ತುಂಬಿಸಿಕೊಂಡೇ ಬಂದರು. ಮೇಜಿನ ಮೇಲೆ ಸುರಿದರೆ ಒಂದು ಸಣ್ಣ ಔಷಧಿ ಅಂಗಡಿ. ಥೈರಾಯ್ಡ್ ಗುಳಿಗೆಯ ಬಾಟಲಿ, 100 ಮೈಕ್ರೋಗ್ರಾಂನದು. 50ರಿಂದ ಶುರುವಾಗಿ 75 ಆಗಿ ಇಲ್ಲಿಗೆ ಬಂದಿತ್ತು. ಐರನ್, ಕ್ಯಾಲ್ಸಿಯಂ, ನಾಲ್ಕು ವರ್ಷದಿಂದ ದಿನಾ ನುಂಗುವ ಗ್ಯಾಸ್ಟ್ರಿಕ್ ಗುಳಿಗೆ, ಕೂದಲಿಗೆ ಅಂತ ಬಯೋಟಿನ್, ಒಂದು ಪ್ಯಾಕೆಟ್ ಸೈಂಧವ ಲವಣ. ಬಾಟಲಿ ಮುಟ್ಟಿದರೆ ಮುಚ್ಚಳ ಅಂಟಂಟು. ಒಲೆ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರಂತೆ, ಒಗ್ಗರಣೆ ಹೊಗೆ, ಕಡುಬಿನ ಹಬೆ ಎಲ್ಲ ಅದಕ್ಕೇ. ಈ ಗುಳಿಗೆಗೆ ಬಿಸಿ, ತೇವ, ಬೆಳಕು ಮೂರೂ ಆಗಿಬರುವುದಿಲ್ಲ.

ರಿಪೋರ್ಟು ನೋಡಿದೆ. ಟಿಎಸ್‌ಎಚ್ 14.6. ಥೈರಾಯ್ಡ್ ಕಮ್ಮಿಯಾದಾಗ ಏರುವ ಹಾರ್ಮೋನು ಇದು, ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರಬೇಕು. ಬಿ12 160, ಅಂದರೆ 200ಕ್ಕಿಂತ ಕೆಳಗೆ. ವಿಟಮಿನ್ ಡಿ 13, 20 ಕೂಡ ದಾಟಿಲ್ಲ. ಹಿಮೋಗ್ಲೋಬಿನ್ 9.6, ಹೆಂಗಸರಿಗೆ 12 ಆದರೂ ಬೇಕು.

"ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡ್ತೀರಿ, ಬಿಡಿಸಿ ಹೇಳಿ."

"ಐದೂವರೆಗೆ ಏಳ್ತೀನಿ. ಅಷ್ಟೊತ್ತಿಗೆ ಅತ್ತೆ ಡಿಕಾಕ್ಷನ್ ಇಳಿಸಿರ್ತಾರೆ. ಜಗಲಿಯಲ್ಲಿ ಕೂತು ಇಬ್ರೂ ಕಾಫಿ ಕುಡೀತೀವಿ. ಮರೆತುಹೋಗಬಾರದು ಅಂತ ಗುಳಿಗೆ ಎಲ್ಲಾ ಆಗಲೇ ನುಂಗಿಬಿಡ್ತೀನಿ."

"ಎಲ್ಲಾ ಅಂದ್ರೆ?"

"ಥೈರಾಯ್ಡ್‌ದು, ಐರನ್ನು, ಕ್ಯಾಲ್ಸಿಯಂ, ಗ್ಯಾಸ್ಟ್ರಿಕ್‌ದು. ನಾಲ್ಕೂ. ಕಾಫಿ ಜೊತೆಗೇ."

ಒಂದು ದಿನವೂ ತಪ್ಪಿಸಿರಲಿಲ್ಲ ಪಾಪ. ಆದರೆ ಐರನ್ನೂ ಕ್ಯಾಲ್ಸಿಯಂಮೂ ಥೈರಾಯ್ಡ್ ಗುಳಿಗೆಯನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತವೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಕಾಫಿಯೂ ಅದನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಗ್ಯಾಸ್ಟ್ರಿಕ್ ಗುಳಿಗೆ ಹೊಟ್ಟೆಯ ಆಮ್ಲ ಇಳಿಸುತ್ತದೆ. ಆಮ್ಲ ಕಡಿಮೆಯಾದರೆ ಥೈರಾಯ್ಡ್ ಗುಳಿಗೆ ಚೆನ್ನಾಗಿ ಕರಗುವುದಿಲ್ಲ, ಊಟದಲ್ಲಿನ ಬಿ12, ಕಬ್ಬಿಣದ ಅಂಶವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಥೈರಾಯ್ಡ್ ಕಮ್ಮಿ ಇದ್ದಿದ್ದಕ್ಕೆ ಮುಟ್ಟು ಜಾಸ್ತಿ, ಮುಟ್ಟು ಜಾಸ್ತಿಯಾಗಿ ರಕ್ತ ಕಮ್ಮಿ, ರಕ್ತ ಕಮ್ಮಿ ಅಂತ ಐರನ್, ಆ ಐರನ್ನಿಂದ ಮತ್ತೆ ಥೈರಾಯ್ಡ್ ಗುಳಿಗೆ ದಂಡ. ಗಾಣದ ಎತ್ತಿನ ಸುತ್ತು.

ಇದರ ಮೇಲೆ ಫೋನಿನ ಪಥ್ಯ. ಯಾವುದೋ ವಿಡಿಯೋ ನೋಡಿ 8 ತಿಂಗಳಿಂದ ಹಾಲು, ಮೊಸರು, ರಾಗಿ, ಎಲೆಕೋಸು ಬಿಟ್ಟಿದ್ದರು. ಉಪ್ಪು ಬದಲಿಸಿದ್ದರು. ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಸಸ್ಯಾಹಾರಿ ಮನೆ, ಬಿ12 ಸಿಗುವುದೇ ಹಾಲು ಮೊಸರಿನಲ್ಲಿ. ಹಾಗಂತ ಲಿವರ್‌ನಲ್ಲಿ ಬಿ12 ವರ್ಷಗಟ್ಟಲೆ ದಾಸ್ತಾನಿರುತ್ತದೆ, 8 ತಿಂಗಳಿಗೆ ಇಷ್ಟು ಇಳಿಯುವುದಿಲ್ಲ. ಕೆದಕಿ ಕೇಳಿದರೆ ಮೊದಲಿನಿಂದಲೂ ಕರೆದ ಹಾಲು ಡೇರಿಗೆ, ಉಳಿದಿದ್ದು ಮಕ್ಕಳಿಗೆ, ಇವರಿಗೆ ಕಾಫಿಗೆ ಬಿದ್ದಷ್ಟೇ. ಜೊತೆಗೆ ನಾಲ್ಕು ವರ್ಷದ ಗ್ಯಾಸ್ಟ್ರಿಕ್ ಗುಳಿಗೆ.

ರಾಗಿ ಯಾಕೆ ಬಿಡಬೇಕು? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಾರಕ್ಕೊಮ್ಮೆ ಬೇಯಿಸಿದ ಎಲೆಕೋಸಿನ ಪಲ್ಯ ಯಾರ ಥೈರಾಯ್ಡನ್ನೂ ಕೆಡಿಸುವುದಿಲ್ಲ. ಅವರೇ ಕೇಳಿದರು, "ಕಳಲೆ?" ಕಳಲೆ ಅಂದರೆ ಎಳೆ ಬಿದಿರು. ಮಲೆನಾಡಿನವರು ಮಳೆಗಾಲದಲ್ಲಿ ಅದನ್ನು ಬಿಡುತ್ತಾರಾ! ಹಸಿ ಕಳಲೆಯಲ್ಲಿ ಥೈರಾಯ್ಡಿಗೆ ಅಡ್ಡ ಬರುವ ಅಂಶ ಇರುವುದು ನಿಜ. ಆದರೆ ನಮ್ಮ ಅಜ್ಜಿಯರು ಅದನ್ನು ಹೆಚ್ಚಿ, ದಿನಾ ನೀರು ಬದಲಿಸಿ ಎರಡು ಮೂರು ದಿನ ನೆನೆಹಾಕಿ, ಬೇಯಿಸಿಯೇ ತಿನ್ನಿಸುತ್ತಿದ್ದರು. ಹಾಗೆ ಮಾಡಿ, ಅಪರೂಪಕ್ಕೆ ತಿನ್ನಿ ಅಂದೆ.

ಉಪ್ಪಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳಿದೆ. ಮಲೆನಾಡಿನ ಹಿರಿಯರಿಗೆ ಕುತ್ತಿಗೆ ಉಬ್ಬಿದ ಗಳಗಂಡ ಗೊತ್ತು. ಸರ್ಕಾರ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿ ಉಪ್ಪಿಗೆ ಅಯೋಡಿನ್ ಸೇರಿಸುತ್ತಾ ಬಂದಿದ್ದು ಇದಕ್ಕೇ. ಸೈಂಧವ ಲವಣದಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಅಯೋಡಿನ್ ಉಪ್ಪಿನಿಂದ ಇವರ ಥೈರಾಯ್ಡ್ ವಾಸಿಯಾಗುವುದಿಲ್ಲ, ಅದು ಬೇರೆ ಮಾತು. ಇವರದು ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದ ಬಗೆ. ಆದರೆ ಮನೆಯಲ್ಲಿ ಬೆಳೆಯುವ ಮಕ್ಕಳಿದ್ದಾರೆ, ಅವರೂ ಅದೇ ಉಪ್ಪು ತಿನ್ನುವುದು ಅಲ್ವಾ?

ಡೋಸ್ ಮುಟ್ಟುವ ಅಧಿಕಾರ ನನಗಿಲ್ಲ. ಕಂಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವರ ಡಾಕ್ಟರಿಗೆ ಕಳಿಸಿದೆ. ಇದು ಸುಮ್ನೆ ಶಿಷ್ಟಾಚಾರಕ್ಕೆ ಮಾಡಿದ್ದಲ್ಲ. ಇಷ್ಟು ದಿನ ಅರ್ಧಂಬರ್ಧ ಸೇರುತ್ತಿದ್ದ 100 ಮೈಕ್ರೋಗ್ರಾಂ ಇನ್ನು ಮೇಲೆ ಪೂರ್ತಿ ಸೇರತೊಡಗಿದರೆ ಕೆಲವರಿಗೆ ಅದೇ ಜಾಸ್ತಿಯಾಗಿ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ನಿದ್ದೆಗೆಡುವುದು ಆಗಬಹುದು. ಡಾಕ್ಟರು ಡೋಸ್ ಹಾಗೇ ಇಟ್ಟು 8 ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡೋಣ ಅಂದರು. ಗ್ಯಾಸ್ಟ್ರಿಕ್ ಗುಳಿಗೆ ನಿಲ್ಲಿಸಿದರು. ಬಿ12ಗೆ ಇಂಜೆಕ್ಷನ್, ವಿಟಮಿನ್ ಡಿಗೆ ವಾರಕ್ಕೊಂದರಂತೆ 60,000 ಯೂನಿಟ್ಟಿನ 8 ಪೊಟ್ಟಣ. ಬಯೋಟಿನ್ ಬೇಡವೇ ಬೇಡ ಅಂದರು. ಅದು ಮೈಯಲ್ಲಿದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸಿ ದಾರಿ ತಪ್ಪಿಸಬಹುದು. ತಗೊಳ್ಳುವವರು ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಬೇಕು.

ಉಳಿದಿದ್ದು ಬೆಳಗಿನ ಹೊತ್ತು. ಅಸಲು ಆಪ್ತಸಲಹೆ ಶುರುವಾಗಿದ್ದು ಇಲ್ಲಿ. ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಆಮೇಲೆ ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡುವು. ಐರನ್, ಕ್ಯಾಲ್ಸಿಯಂಗೆ ನಾಲ್ಕು ಗಂಟೆ. ಕಾಫಿ ಆರೂವರೆಗೆ ಕುಡಿಯಿರಿ ಅಂದೆ. ಅವರ ಮುಖ ಸಣ್ಣದಾಯಿತು. "ಆಗ ಅತ್ತೆ ಹೂವಿಗೆ ಹೋಗಿರ್ತಾರೆ ಮೇಡಂ. ಆಮೇಲೆ ಇಡೀ ದಿನ ನಾವು ಕೂತು ಮಾತಾಡಲ್ಲ."

ನಾನು ಎರಡು ಭೇಟಿ ಅತ್ತೆಯ ಬೈಗುಳ ಕೇಳಿಸಿಕೊಂಡವಳು. ಆ ಜಗಲಿಯ ಕಾಫಿ ಒಂದು ಸಲವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಅದನ್ನು ಮುಟ್ಟುವ ಹಾಗಿರಲಿಲ್ಲ. ರಾತ್ರಿ ಮಲಗುವಾಗ ತಗೊಳ್ಳುವುದೂ ಆಗುತ್ತದೆ, ಆದರೆ ಊಟವಾಗಿ ಮೂರು ಗಂಟೆ ಕಳೆದಿರಬೇಕು. ಇವರ ಮನೆಯಲ್ಲಿ ಊಟ ಒಂಬತ್ತೂವರೆಗೆ, ಹಾಸಿಗೆ ಹತ್ತೂವರೆಗೆ. ಅದೂ ಹೊಂದಲಿಲ್ಲ.

"ರಾತ್ರಿ ಮಧ್ಯೆ ಏಳ್ತೀರಾ?" ಅಂತ ಕೇಳಿದೆ. "ನಾನಿಲ್ಲ. ಅತ್ತೆ ನಾಲ್ಕೂವರೆಗೆ ಬಚ್ಚಲಿಗೆ ಏಳ್ತಾರೆ. ಆಮೇಲೆ ಅವರಿಗೆ ನಿದ್ದೇನೇ ಇಲ್ಲ."

ಮುಂದಿನ ಸಲ ಅತ್ತೆಯನ್ನೂ ಕರೆಸಿದೆ. "ಅಮ್ಮ, ನಿಮ್ಮ ಸೊಸೆಯದು ಸೋಮಾರಿತನ ಅಲ್ಲ. ಗುಳಿಗೆ ಮೈಗೆ ಸೇರ್ತಾ ಇರ್ಲಿಲ್ಲ. ನಾಲ್ಕೂವರೆಗೆ ನೀವು ಎದ್ದಾಗ ಒಂದು ಗುಳಿಗೆ, ಒಂದು ಲೋಟ ನೀರು ಕೊಟ್ಟು ಮತ್ತೆ ಮಲಗಿಸಬೇಕು. ಆಗುತ್ತಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೇನಾ? ಅದನ್ನ ಮೊದಲೇ ಹೇಳೂದಲ್ವಾ" ಅಂದರು. ಐರನ್ ಹನ್ನೊಂದಕ್ಕೆ, ನಿಂಬೆಹಣ್ಣಿನ ಪಾನಕದ ಜೊತೆ. ಕ್ಯಾಲ್ಸಿಯಂ ರಾತ್ರಿ ಊಟದ ನಂತರ. ಮಧ್ಯಾಹ್ನ ಊಟಕ್ಕೆ ಒಂದು ಬಟ್ಟಲು ಮೊಸರು, ಡೇರಿಗೆ ಹಾಲು ಹಾಕುವ ಮೊದಲೇ ತೆಗೆದಿಟ್ಟಿದ್ದು. ಬಾಟಲಿ ಒಲೆ ಪಕ್ಕದಿಂದ ಅತ್ತೆಯ ಕಪಾಟಿಗೆ ಹೋಯಿತು.

8 ವಾರಕ್ಕೆ ಟಿಎಸ್‌ಎಚ್ 3.8. ಫ್ಯಾನ್ ತಿರುಗುತ್ತಲೇ ಇತ್ತು, ಅವರು ಆರಿಸಿ ಅನ್ನಲಿಲ್ಲ. ಪಾದದ ಜುಮ್ಮು ಇನ್ನೂ ಇದೆ, ಅದಕ್ಕೆ ತಿಂಗಳುಗಳೇ ಬೇಕು. ಮನಸ್ಸು ಭಾರ ಅನ್ನಿಸುವುದು ಪೂರ್ತಿ ಹೋಗಿಲ್ಲ, ಅದಕ್ಕೆ ನಮ್ಮ ಭೇಟಿ ಮುಂದುವರಿದಿದೆ.

ಒಂದು ಲೆಕ್ಕ ಮಾತ್ರ ಹೊಂದಲಿಲ್ಲ. ವಿಟಮಿನ್ ಡಿ ಪೊಟ್ಟಣ ನಾಲ್ಕೇ ವಾರಕ್ಕೆ ಮುಗಿದಿತ್ತು. ವಾರಕ್ಕೆ ಎರಡು ಕುಡಿದಿರಾ ಅಂತ ಗಾಬರಿಯಿಂದ ಕೇಳಿದೆ. ಸೊಸೆ ಅತ್ತೆಯ ಮುಖ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡರು.

"ಮೊಣಕಾಲಿಗೆ ಒಳ್ಳೇದಂತಲ್ಲ. ಅವಳಿಗೆ ಕೊಡುವಾಗ ನಾನೂ ಒಂದೊಂದು ಕುಡೀತಿದ್ದೆ."

ನಾಲ್ಕು ಪೊಟ್ಟಣಕ್ಕೆ ಅನಾಹುತ ಆಗುವುದು ಕಷ್ಟ. ಆದರೆ ಇದು ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುವ ವಿಟಮಿನ್ ಅಲ್ಲ, ಮೈಯಲ್ಲೇ ಉಳಿಯುತ್ತದೆ, ಕ್ಯಾಲ್ಸಿಯಂ ಏರಿಸಿ ಕಿಡ್ನಿಗೆ ತೊಂದರೆ ಕೊಡುತ್ತದೆ, ಪರೀಕ್ಷೆ ಮಾಡಿಸದೆ ಇನ್ನೊಬ್ಬರದು ಕುಡಿಯಬೇಡಿ ಅಂದೆ.

"ಹಾಗಾದ್ರೆ ನನಗೂ ರಕ್ತಪರೀಕ್ಷೆ ಬರೆದುಕೊಡಿ."

"ಬರೆಯೋದು ನಾನಲ್ಲ ಅಮ್ಮ, ಡಾಕ್ಟರು."

ಚೀಟಿ ಮಾಡಿಸಲು ಸೊಸೆಯೇ ಎದ್ದರು.