1956ರಲ್ಲಿ ಹಂಗೇರಿಯ ಜನರು ತಮ್ಮದೇ ಧ್ವಜದ ನಡುವೆ ತೂತು ಕೊರೆದದ್ದೇಕೆ?
ಅವರು ಕತ್ತರಿಸಿ ತೆಗೆದದ್ದು ಧ್ವಜದ ನಡುವಿದ್ದ ಕಮ್ಯುನಿಸ್ಟ್ ಲಾಂಛನವನ್ನು ಮಾತ್ರ. ಕೆಂಪು, ಬಿಳಿ, ಹಸಿರು ಪಟ್ಟಿಗಳು 1848ರ ಸ್ವಾತಂತ್ರ್ಯ ಹೋರಾಟದ ಕಾಲದಿಂದಲೂ ಜನರ ಸ್ವಂತದ್ದಾಗಿದ್ದವು. ಆದರೆ ಸುತ್ತಿಗೆ, ಗೋಧಿ ತೆನೆ ಮತ್ತು ಕೆಂಪು ನಕ್ಷತ್ರವಿದ್ದ, 1949ರಲ್ಲಿ ಸೋವಿಯತ್ ಮಾದರಿಯಲ್ಲಿ ರೂಪಿಸಿದ್ದ ಆ ಲಾಂಛನವು ಮಾಸ್ಕೋದ ಹಿಡಿತವನ್ನೂ, ಪಕ್ಷದ ನಾಯಕ ರಾಕೋಶಿಯ ರಹಸ್ಯ ಪೊಲೀಸರ ಭಯವನ್ನೂ ನೆನಪಿಸುತ್ತಿತ್ತು. ಹೀಗಾಗಿ ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ವಿದ್ಯಾರ್ಥಿಗಳ ಮೆರವಣಿಗೆ ಹೊರಟಾಗ ಹೊಸ ಬಾವುಟ ಹೊಲಿಸುವ ಅಗತ್ಯವೇ ಬೀಳಲಿಲ್ಲ, ಒಂದು ಕತ್ತರಿ ಸಾಕಾಯಿತು. ಇಷ್ಟು ಸರಳವಾದದ್ದರಿಂದಲೇ ಆ ತೂತಿನ ಬಾವುಟ ಕಿಟಕಿಗಳಿಗೂ, ಜನರ ಪರ ನಿಂತ ಟ್ಯಾಂಕುಗಳಿಗೂ ಬೇಗನೆ ಏರಿತು. ನವೆಂಬರ್ 4ರಂದು ಸೋವಿಯತ್ ಸೇನೆಯು ಬೃಹತ್ ದಾಳಿ ನಡೆಸಿ ದಂಗೆಯನ್ನು ಹತ್ತಿಕ್ಕಿತು. ಸುಮಾರು 2 ಲಕ್ಷ ಜನರು ದೇಶ ಬಿಟ್ಟರು. ಆದರೂ 1989ರಲ್ಲಿ ಹೊಸ ಗಣರಾಜ್ಯವನ್ನು ಘೋಷಿಸಲು ಆರಿಸಿಕೊಂಡದ್ದು ಅದೇ ಅಕ್ಟೋಬರ್ 23ನ್ನು.